ಕಸ ಅಂದುಕೊಂಡ ಫೈಲೇ ಲೆಕ್ಕ ಉಳಿಸಿತು

ಮಾನ್ಯರೇ,

ಮನೆ ಲೆಕ್ಕವನ್ನು ಪುಸ್ತಕ ಬಿಟ್ಟು ಕಂಪ್ಯೂಟರಿನಲ್ಲಿ ಬರೆಯಿರಿ ಎಂಬ ಲೇಖನವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಒಳ್ಳೆಯ ಮಾತು. ಆದರೆ ಲೆಕ್ಕದ ಫೈಲೇ ಕೆಟ್ಟು ಕೂತರೆ ಏನು ಮಾಡಬೇಕು ಅನ್ನುವುದು ಅದರಲ್ಲಿ ಇರಲಿಲ್ಲ. ನನಗೆ 2025ರ ಜೂನ್‌ನಲ್ಲಿ ಅದೇ ಆಯಿತು.

ನಾನು ಸೊಸೈಟಿಯಲ್ಲಿ ಗುಮಾಸ್ತನಾಗಿದ್ದವನು. ನಿವೃತ್ತನಾದ ಮೇಲೆ ತೋಟದ ಮತ್ತು ಮನೆಯ ಜಮಾಖರ್ಚನ್ನು ಗ್ನೂಕ್ಯಾಶ್‌ನಲ್ಲಿ ಬರೆಯುತ್ತೇನೆ. ದುಡ್ಡು ಕೊಡಬೇಕಾಗಿಲ್ಲದ ತಂತ್ರಾಂಶ, ಪ್ರತಿ ವ್ಯವಹಾರವನ್ನೂ ಎರಡು ಖಾತೆಗೆ ಹಾಕಿಸುತ್ತದೆ. ನನ್ನಂಥವನಿಗೆ ಹೇಳಿ ಮಾಡಿಸಿದಂತಿದೆ. ಮೂರು ವರ್ಷದ ಲೆಕ್ಕ ಅದರಲ್ಲಿತ್ತು.

ಆ ಸಂಜೆ ಮೈಲುತುತ್ತ, ಸುಣ್ಣ, ಔಷಧಿ ಹೊಡೆದವರ ಕೂಲಿ ಎಲ್ಲ ಬರೆಯುತ್ತಿದ್ದೆ. ಮಳೆ ಜೋರಾಯಿತು, ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು, ನಾಳೆ ನಾಳೆ ಎಂದು ತಳ್ಳುತ್ತಿದ್ದೆ. ಬೆಳಿಗ್ಗೆ ತೆರೆದರೆ ಫೈಲ್ ಓದಲು ಆಗುತ್ತಿಲ್ಲ ಎಂಬ ಸಂದೇಶ. ಗಾತ್ರ ನೋಡಿದೆ: 0 ಕೆಬಿ! ಪೇಟೆಯ ಕಂಪ್ಯೂಟರ್ ಅಂಗಡಿಯವರು ಫೋನಿನಲ್ಲೇ, 'ಫಾರ್ಮ್ಯಾಟ್ ಮಾಡಬೇಕಾಗುತ್ತೆ ಸಾರ್, ಡೇಟಾಗೆ ಗ್ಯಾರಂಟಿ ಇಲ್ಲ' ಅಂದರು. ಮಷಿನ್ ಸರಿಯಾಗೇ ಇದೆ, ಕೆಟ್ಟಿರುವುದು ಒಂದು ಫೈಲ್. ಅದಕ್ಕೆ ಇಡೀ ಡಿಸ್ಕನ್ನೇ ಅಳಿಸುವ ಫಾರ್ಮ್ಯಾಟ್ ಯಾಕೆ ಅಂತ ಕೇಳಲು ಆಗ ನನಗೂ ಹೊಳೆಯಲಿಲ್ಲ.

ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಫೋನ್ ಮಾಡಿದೆ. 'ಚಿಕ್ಕಪ್ಪ, ಏನನ್ನೂ ಅಳಿಸಬೇಡಿ. ಆ ಫೋಲ್ಡರಿನಲ್ಲಿ ಬೇರೆ ಏನೇನಿದೆ ಓದಿ ಹೇಳಿ' ಅಂದ.

'ಅದೇ ಹೆಸರಿನ ಮುಂದೆ ಉದ್ದುದ್ದ ನಂಬರ್ ಇರೋ ಕಸ ಇದೆ ಮಾರಾಯ, ರಾಶಿ.'

'ಒಂದು ನಂಬರ್ ಓದಿ.'

ಕನ್ನಡಕ ಒರೆಸಿಕೊಂಡು ಓದಿದೆ. 20250611184205. ಅವನು ನಕ್ಕ. 'ಬಿಡಿಸಿ ಓದಿ ಚಿಕ್ಕಪ್ಪ. 2025, 06, 11. ಆಮೇಲಿನದು ಗಂಟೆ, ನಿಮಿಷ, ಸೆಕೆಂಡು.'

ಜೂನ್ 11, ಸಂಜೆ 6 ಗಂಟೆ 42 ನಿಮಿಷ! ಪ್ರತಿ ಸಲ ಸೇವ್ ಮಾಡುವಾಗಲೂ ಗ್ನೂಕ್ಯಾಶ್ ಹಳೆಯ ಫೈಲನ್ನು ಹೀಗೆ ತಾರೀಕು ಹಾಕಿ ಪಕ್ಕಕ್ಕೆ ಇಡುತ್ತದಂತೆ. ನಾನಾಗಿ ಬದಲಿಸದಿದ್ದರೆ 30 ದಿನ ಇಟ್ಟುಕೊಳ್ಳುತ್ತದೆ. ಎರಡು ವರ್ಷದಿಂದ ನಾನು ತಿಂಗಳ ಮೊದಲ ವಾರ ಇವನ್ನೆಲ್ಲ ಕಸ ಎಂದು ಗುಡಿಸಿ ಹಾಕುತ್ತಿದ್ದೆ. ಈ ಪ್ರತಿ ಮೊದಲ ವಾರ ಕಳೆದ ಮೇಲೆ ಹುಟ್ಟಿದ್ದು, ಹಾಗಾಗಿ ಉಳಿದಿತ್ತು, ಅಷ್ಟೆ.

ಮೊದಲು ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಸಿದ. ಆಮೇಲೆ ಆ 6.42ರ ಪ್ರತಿಗೆ ಬೇರೆ ಹೆಸರು ಕೊಟ್ಟು ತೆರೆದೆವು. ಖಾತೆಗಳೆಲ್ಲ ಬಂದವು, ಕೊನೆಯ ಏಳೆಂಟು ನಮೂದು ಮಾತ್ರ ಇರಲಿಲ್ಲ. ಯಾಕೆಂದರೆ ಅದು ಕೊನೆಯ ಸೇವ್‌ಗಿಂತ ಹಿಂದಿನ ಸ್ಥಿತಿ. ಅದಕ್ಕೂ ದಾರಿ ಇತ್ತು. ಅದೇ ಫೋಲ್ಡರಿನಲ್ಲಿ 'ಲಾಗ್' ಎಂದು ಕೊನೆಯಾಗುವ ಫೈಲುಗಳಿರುತ್ತವೆ. ನಾವು ಮಾಡಿದ ಬದಲಾವಣೆಗಳನ್ನು ಅವು ಬರೆದಿಟ್ಟುಕೊಂಡಿರುತ್ತವೆ. ಫೈಲ್ ಮೆನುವಿನ ಇಂಪೋರ್ಟ್‌ನಲ್ಲಿ ಲಾಗ್ ರಿಪ್ಲೇ ಎಂಬುದನ್ನು ಒತ್ತಿ ಆ ಹೊತ್ತಿನ ಲಾಗನ್ನು ತೋರಿಸಿದರೆ ನಮೂದುಗಳು ಮತ್ತೆ ಕೂತುಕೊಳ್ಳುತ್ತವೆ. ಮೈಲುತುತ್ತ ಬಂತು, ಸುಣ್ಣ ಬಂತು, ಕೂಲಿಯೂ ಬಂತು. ಬ್ಯಾಂಕ್ ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಬಾಕಿ ತಾಳೆ ನೋಡಿದೆ, ಪೈಸೆಗೆ ಪೈಸೆ ಸರಿಯಿತ್ತು.

ಅಂಗಡಿಯವರ ಮಾತು ಕೇಳಿ ಫಾರ್ಮ್ಯಾಟ್ ಮಾಡಿಸಿದ್ದರೆ ಈ ಪ್ರತಿಗಳೂ ಹೋಗುತ್ತಿದ್ದವು ಅಲ್ವಾ? ಅವರ ಮೇಲೆ ಸಿಟ್ಟಿಲ್ಲ, ಆದರೆ ಫೋಲ್ಡರ್ ತೆರೆದು ನೋಡುವ ಎರಡು ನಿಮಿಷದ ಕೆಲಸವನ್ನು ಯಾರೂ ಮಾಡುವುದಿಲ್ಲ ಅನ್ನುವುದು ಬೇಜಾರು. ಈ ಪ್ರತಿಗಳೆಲ್ಲ ಇರುವುದೂ ಅದೇ ಡಿಸ್ಕಿನಲ್ಲಿ. ಡಿಸ್ಕೇ ಹೋದರೆ ಎಲ್ಲವೂ ಹೋದಂತೆ. ಅದಕ್ಕೇ ಈಗ ಶನಿವಾರ ಶನಿವಾರ ಪೆನ್‌ಡ್ರೈವ್‌ಗೆ ಹಾಕಿ ಕಪಾಟಿನಲ್ಲಿಡುತ್ತೇನೆ. ಬ್ಯಾಟರಿಯನ್ನೂ ಹಾಕಿಸಿದೆ.

ಕಂಪ್ಯೂಟರಿನಲ್ಲಿ ಲೆಕ್ಕ ಬರೆಯಿರಿ ಎಂದು ಬರೆಯುವಾಗ ಅದರ ಪ್ರತಿ ಎಲ್ಲಿರುತ್ತದೆ, ವಾಪಸ್ ತರುವುದು ಹೇಗೆ ಎಂಬುದನ್ನೂ ನಾಲ್ಕು ಸಾಲು ಹಾಕಿ ಎಂದು ನನ್ನ ವಿನಂತಿ. ನನ್ನ ವಯಸ್ಸಿನವರಿಗೆ ಹೊಸ ಆ್ಯಪ್‌ಗಿಂತ ಅದು ಜಾಸ್ತಿ ಬೇಕು.

ಕರೆಂಟು ಹೋದ ಕ್ಷಣದಲ್ಲಿ ಟೈಪ್ ಮಾಡುತ್ತಿದ್ದ ಒಂದು ನಮೂದು ಮಾತ್ರ ಲಾಗ್‌ನಲ್ಲೂ ಇರಲಿಲ್ಲ. ₹240 ಕೊಟ್ಟದ್ದು ನೆನಪಿದೆ, ಯಾವುದಕ್ಕೆ ಅಂತ ಹೊಳೆಯಲಿಲ್ಲ. ನನ್ನ ಹೆಂಡತಿ, 'ಕೊಡೆ ರಿಪೇರಿಗೆ' ಅಂತಾಳೆ. ಸದ್ಯಕ್ಕೆ ಹಾಗೇ ಬರೆದಿದ್ದೇನೆ.

– ನಿವೃತ್ತ ಸೊಸೈಟಿ ಗುಮಾಸ್ತ, ಸಾಗರ