ಮನೆ ಮುಗಿದ ಮೇಲೆ ಧರೆಯ ಕಡೆಗೂ ಒಮ್ಮೆ ನೋಡಿ

ಮಾನ್ಯ ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ನಮ್ಮ ಶಿರಸಿ ಕಡೆಯ ಹಳ್ಳಿಗಳಲ್ಲಿ ಹೊಸ ಮನೆಗಳು ಏಳುತ್ತಿವೆ. ಬೆಂಗಳೂರು ಸೇರಿದವರು ಊರಲ್ಲೂ ಒಂದು ಮನೆ ಇರಲಿ ಅಂತ ಕಟ್ಟುತ್ತಿದ್ದಾರೆ. ಹಿಸ್ಸೆಯಾದ ಅಣ್ಣತಮ್ಮಂದಿರು ಬೇರೆ ಮನೆ ಹೂಡುತ್ತಿದ್ದಾರೆ. ಸಂತೋಷವೇ. ನನ್ನ ತಕರಾರು ಇರುವುದು ಮನೆ ಮುಗಿದ ಮೇಲೆ ಸುತ್ತ ಉಳಿಯುವ ಬೋಳು ನೆಲದ ಬಗ್ಗೆ.

ನಮ್ಮಲ್ಲಿ ತೋಟ ಇರುವುದು ಕಣಿವೆಯ ತಳದಲ್ಲಿ, ಮನೆ ಅದರ ಮೇಲಿನ ಇಳಿಜಾರಿನಲ್ಲಿ. ಮೊದಲೆಲ್ಲ ಗುದ್ದಲಿಯಲ್ಲಿ ಎಷ್ಟು ಅಗೆಯಲು ಆಗುತ್ತಿತ್ತೋ ಅಷ್ಟೇ ಜಾಗ ಸಮತಟ್ಟಾಗುತ್ತಿತ್ತು. ಈಗ ಜೆಸಿಬಿ ಎರಡು ದಿನದಲ್ಲಿ ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದು ಕೊಡುತ್ತದೆ. ಹಾಗೆ ಕಡಿದ ಮಣ್ಣಿನ ಗೋಡೆಗೆ ನಮ್ಮಲ್ಲಿ ಧರೆ ಅನ್ನುತ್ತಾರೆ. ಮೇಲಿನ ಕಪ್ಪು ಮಣ್ಣು, ಅದರ ಕೆಳಗಿನ ಚಿರೆಕಲ್ಲು, ಅದಕ್ಕೂ ಕೆಳಗಿನ ಮೆದು ಜೇಡಿಯಂಥ ಶೇಡಿ ಮಣ್ಣು ಎಲ್ಲ ಒಂದೇ ರಾಶಿಯಾಗಿ ತಗ್ಗಿನ ಕಡೆ ಸುರಿಯುತ್ತದೆ. ಚಿರೆಕಲ್ಲು ಇರುವ ತನಕ ಧರೆ ನಿಲ್ಲುತ್ತದೆ. ಶೇಡಿ ಹೊರಬಿತ್ತೋ, ನೀರು ಕುಡಿದು ಮೆತ್ತಗಾಗಿ ಜಾರುತ್ತದೆ. ಮೇಲಾಗಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿರುತ್ತಾರೆ. ಇಂಗಬೇಕಾದ ನೀರು ಇಂಗದೆ ಒಂದೇ ಕಡೆ ನುಗ್ಗುತ್ತದೆ.

ಮುಹೂರ್ತ ನೋಡಿ ಮೇ ತಿಂಗಳಲ್ಲಿ ಗೃಹಪ್ರವೇಶ. ಅಷ್ಟರಲ್ಲಿ ಕೈಯಲ್ಲಿದ್ದ ದುಡ್ಡೂ ಮುಗಿದಿರುತ್ತದೆ. ಜೂನ್‌ನಲ್ಲಿ ಮಳೆ. ನಮ್ಮ ತೋಟದ ಮೇಲಿನ ದಿಬ್ಬದಲ್ಲಿ ಎದ್ದ ಹೊಸ ಮನೆಯಲ್ಲಿ ಆದದ್ದೂ ಇದೇ. ಕೆಂಪು ನೀರು ಇಳಿದು ತೋಟದ ನೀರು ಬಸಿಯುವ ಕಾಲುವೆಗಳು, ಅಂದರೆ ಕಾದಿಗೆಗಳು, ಹೂತುಹೋದವು. ಕಾದಿಗೆ ಮುಚ್ಚಿದರೆ ತೋಟದಲ್ಲಿ ನೀರು ನಿಲ್ಲುತ್ತದೆ, ಅಡಿಕೆಯ ಬೇರು ಕೊಳೆಯುತ್ತದೆ. ಆ ಮನೆಯವರ ಹತ್ತಿರ ಕಾಗದಪತ್ರ ಎಲ್ಲ ಸರಿ ಇತ್ತು. ಅದೇ ನನ್ನ ಮಾತು.

ಬಿನ್‌ಶೇತ್ಕಿ ಆದೇಶಗಳಲ್ಲಿ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬಿಡುವ ಆದೇಶಗಳಲ್ಲಿ, ಷರತ್ತುಗಳಿಗೇನೂ ಬರವಿಲ್ಲ. ಜನರ ಆರೋಗ್ಯ, ಸುರಕ್ಷತೆಗಾಗಿ ಷರತ್ತು ಹಾಕುವ ದಾರಿ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಲ್ಲೇ ಇದೆ. ಕಟ್ಟಡದ ಪರವಾನಗಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಲ್ಲಿ ಪಂಚಾಯತಿಯ ಕೈಯಲ್ಲಿದೆ. ಹೊಸ ಕಾನೂನು ಬೇಡ. ಕಡಿದ ನೆಲವನ್ನು ಮತ್ತೆ ನೆಲವಾಗಿ ಮಾಡಿಕೊಡಬೇಕು ಅಂತ ಈ ಕಾಗದಗಳಲ್ಲಿ ಬರೆಯಿರಿ, ಬರೆದದ್ದನ್ನು ಒಮ್ಮೆ ಬಂದು ನೋಡುವ ವ್ಯವಸ್ಥೆ ಮಾಡಿ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಮನೆಗೆ ಅನುಮತಿ ಕೊಡುವಾಗ ಸಾಮಾನ್ಯವಾಗಿ ಹಾಕುವ ಒಂದು ಷರತ್ತಿದೆ. ಮನೆ ಮುಗಿದ ನಂತರದ ಮೊದಲ ನೆಡುವ ಹಂಗಾಮಿನಲ್ಲೇ ಗಿಡ ನೆಡಬೇಕು, 5 ವರ್ಷದೊಳಗೆ ಸತ್ತರೆ ಬದಲಿ ಗಿಡ ಹಾಕಬೇಕು. ನಮ್ಮ ಮಳೆಗೆ ಅಷ್ಟೇ ಸಾಲದು. ಇಲ್ಲಿ ಮಣ್ಣಿನಿಂದಲೇ ಶುರುವಾಗಬೇಕು. ಮೇಲ್ಮಣ್ಣನ್ನು ಮೊದಲೇ ಬೇರೆ ತೆಗೆದು, ಸೊಂಟದೆತ್ತರಕ್ಕಿಂತ ಜಾಸ್ತಿ ಪೇರಿಸದೆ, ಅಡಿಕೆ ಸೋಗೆಯೋ ದರಕೋ (ಒಣಗಿದ ಎಲೆ) ಮುಚ್ಚಿ ಇಡಬೇಕು. ಕೆಲಸ ಮುಗಿದ ಮೇಲೆ ಅದನ್ನೇ ಹರಡಬೇಕು. ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಓರೆ ಮಾಡಿಸಬೇಕು. ಕಲ್ಲಿನ ಗೋಡೆ ಕಟ್ಟುವುದಾದರೆ ನೀರು ಬಸಿಯಲು ತೂತು ಬಿಡಲೇಬೇಕು. ಇಲ್ಲವಾದರೆ ಹಿಂದೆ ನಿಂತ ನೀರೇ ಗೋಡೆಯನ್ನು ದೂಡುತ್ತದೆ. ಮೊದಲ ಮಳೆಗೆ ಅಡ್ಡಸಾಲಿನಲ್ಲಿ ಲಾವಂಚ ನೆಟ್ಟರೆ ಬೇರು ಮಣ್ಣನ್ನು ಹಿಡಿಯುತ್ತದೆ. ಹಿಂದೆಯೇ ಮುರುಗಲು, ವಾಟೆ, ಉಪ್ಪಾಗೆ, ನೇರಳೆಯಂಥ ನಮ್ಮ ಕಾಡಿನ ಮರಗಳು. ದಯವಿಟ್ಟು ಅಕೇಶಿಯಾ ನೆಟ್ಟು ಲೆಕ್ಕ ಕೊಡುವುದು ಬೇಡ. ಸುಮ್ನೆ ಬಿಟ್ಟರೆ ಆ ಜಾಗಕ್ಕೆ ಮೊದಲು ಬರುವುದು ಕಮ್ಯುನಿಸ್ಟ್ ಗಿಡ ಅನ್ನುವ ಕಳೆ. ದೂರದಿಂದ ಅದೂ ಹಸಿರಾಗಿಯೇ ಕಾಣುತ್ತದೆ!

ಇನ್ನೊಂದು ಷರತ್ತು ಅಂದರೆ ಇನ್ನೊಂದು ಓಡಾಟ ಅಂತ ಜನ ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. ಶಿರಸಿಯಿಂದ ಜಿಲ್ಲಾ ಕೇಂದ್ರ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ. ಅದಕ್ಕೇ ಕೇಳುತ್ತಿದ್ದೇನೆ, ಠೇವಣಿ ಬೇಡ, ಇನ್ನೊಂದು ಇಲಾಖೆಯ ಒಪ್ಪಿಗೆ ಪತ್ರ ಬೇಡ. ಆವಾಸ್ ಯೋಜನೆಯ ಮನೆಗೆ ಹಂತ ಹಂತಕ್ಕೂ ಜಾಗದ ಗುರುತು ಸಮೇತ ಫೋಟೊ ತೆಗೆಯುತ್ತಾರಲ್ಲ, ಹಾಗೇ ಎಲ್ಲ ಹೊಸ ಮನೆಗಳಿಗೂ ಎರಡು ಫೋಟೊ ಸಾಕು. ಮೇ ಕೊನೆಗೆ ಒಂದು, ಮಳೆಗಾಲ ಮುಗಿದ ಮೇಲೆ ಒಂದು. ಮನೆಯ ಮುಂಭಾಗದ್ದು ಬೇಡ, ಹಿಂದಿನ ಧರೆಯದ್ದು. ಪಂಚಾಯತಿಯವರೇ ತೆಗೆಯಲಿ. ಬಡವರ ಮನೆಯಾದರೆ ಮಣ್ಣಿನ ಕೆಲಸಕ್ಕೆ ಉದ್ಯೋಗ ಖಾತ್ರಿಯ ಕೂಲಿ ಸಿಗುವಂತಾಗಲಿ.

2009ರಲ್ಲಿ ಕಾರವಾರದ ಕಡವಾಡ, 2021ರಲ್ಲಿ ಯಲ್ಲಾಪುರದ ಕಳಚೆ, 2022ರಲ್ಲಿ ಭಟ್ಕಳದ ಮುಟ್ಟಳ್ಳಿ, 2024ರಲ್ಲಿ ಅಂಕೋಲಾದ ಶಿರೂರು, ಇವೆಲ್ಲ ಗುಡ್ಡ ಕುಸಿದ ಊರುಗಳು. ಎಲ್ಲ ಕಡೆ ಕಾರಣ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಈ ಜಿಲ್ಲೆಯ ಗುಡ್ಡ ಹೇಗೆ ಜಾರುತ್ತದೆ ಅನ್ನುವುದು ನಿಮಗೆ ಹೊಸದಾಗಿ ಹೇಳಬೇಕಾದ ವಿಷಯ ಅಲ್ಲ, ಅಲ್ವಾ?

ಮಳೆ ನಿಂತು ನೆಲ ಒಣಗಿದ ಕೂಡಲೇ ಜೆಸಿಬಿಗಳು ಮತ್ತೆ ಗುಡ್ಡ ಹತ್ತುತ್ತವೆ. ಸುತ್ತೋಲೆ ಹೊರಡಿಸುವುದಾದರೆ ಅದು ನವೆಂಬರ್ ಒಳಗೆ ಪಂಚಾಯತಿಗಳಿಗೆ ತಲುಪಬೇಕು.

ಇಂತಿ,
ಶಿರಸಿ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ