ತೂಕದ ಯಂತ್ರಕ್ಕೆ ಟವೆಲ್ ಹೊದಿಸಿದ ಅಕ್ಕನಿಗೆ

ಅನ್ನವನ್ನೇ ಶತ್ರುವಾಗಿಸಿದ್ದ ಕಾಯಿಲೆಯಿಂದ ಚೇತರಿಸಿಕೊಂಡು, ವೈದ್ಯರ ಒಪ್ಪಿಗೆ ಪಡೆದು ವ್ಯಾಯಾಮ ಶುರುಮಾಡಿ ಮೂರು ವಾರವಾಗಿತ್ತು. ಮಡಿಕೇರಿಯ ಕ್ಲಿನಿಕ್ಕಿನಲ್ಲಿ ತೂಕದ ಮುಳ್ಳು ಮೇಲೇರಿದ್ದು ಕಂಡು ಕೈಕಾಲು ತಣ್ಣಗಾದವು. ರಾತ್ರಿಯ ಊಟ ಬಿಡುವ ಹಳೆಯ ಲೆಕ್ಕ ಆಗಲೇ ಶುರುವಾಗಿತ್ತು.

ನೀಲಿ ಸ್ವೆಟರ್ ತೊಟ್ಟ ನರ್ಸ್ ಅಕ್ಕಾ, ನೀವು ಏನೂ ಕೇಳದೆ ಯಂತ್ರದ ಮೇಲೆ ಟವೆಲ್ ಹೊದಿಸಿದಿರಿ. "ಹೊಸದಾಗಿ ದುಡಿಯುವ ಸ್ನಾಯು ಗ್ಲೈಕೋಜನ್ ಅನ್ನೋ ಸಕ್ಕರೆಯ ದಾಸ್ತಾನು ಕೂಡಿಡುತ್ತದೆ. ಅದರ ಒಂದೊಂದು ಗ್ರಾಮಿಗೂ ಸುಮಾರು 3 ಗ್ರಾಂ ನೀರೂ ಸೇರುತ್ತದೆ. ಮುಂದಿನ ಸಲ ಬೆನ್ನು ತಿರುಗಿಸಿ ನಿಲ್ಲಮ್ಮ, ಅಂಕಿಯನ್ನು ಡಾಕ್ಟರ್ ನೋಡಿಕೊಳ್ಳಲಿ" ಎಂದಿರಿ.

ಆಮೇಲೆ ಫ್ಲಾಸ್ಕಿನ ಬೆಲ್ಲದ ಕಾಫಿ ಬಗ್ಗಿಸಿ, ನಿಮ್ಮ ಡಬ್ಬಿಯ ಕಡಂಬುಟ್ಟನ್ನು, ಅಂದರೆ ಅಕ್ಕಿತರಿಯ ಉಂಡೆಯನ್ನು, ಎರಡಾಗಿ ಮುರಿದಿರಿ. ದೊಡ್ಡ ತುಂಡನ್ನು ನೀವೇ ಇಟ್ಟುಕೊಂಡಿರಿ. ಬೇಕೆಂದೇ ಇರಬೇಕು, ನಾನು ಹೆದರದಿರಲೆಂದು! ಧನ್ಯವಾದ, ಅಕ್ಕಾ. ಆ ರಾತ್ರಿ ಅಮ್ಮ ಬಡಿಸಿದ್ದನ್ನೆಲ್ಲ ಉಂಡೆ.