ಅಂಗಡಿ ನೋಡಿಕೊಂಡವರಿಗೆ, ವೋಟು ಹಾಕಿದವರಿಗೆ

2020ರ ಡಿಸೆಂಬರ್‌ನಲ್ಲಿ ಪಂಚಾಯತ್ ಮೆಂಬರಾಗಿ ಪ್ರಮಾಣವಚನ ತೆಗೆದುಕೊಂಡಿದ್ದೆ. ಆ ಅವಧಿ ಈಗ ಮುಗಿಯಿತು. 2025ರ ಡಿಸೆಂಬರ್‌ನ ಚುನಾವಣೆಯಲ್ಲಿ ಹೊಸಬರು ಗೆದ್ದು ಬಂದಿದ್ದಾರೆ, ಅವರಿಗೆ ಒಳ್ಳೆಯದಾಗಲಿ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ಸಣ್ಣ ಪೇಟೆಯಲ್ಲಿ ನಾನು ಪುನಃ ಪೂರ್ತಿ ಹೊತ್ತು ಟೈಲರ್. ವೋಟು ಹಾಕಿದವರಿಗೂ, ಹಾಕದೆ ಇದ್ದರೂ ಎದುರು ಸಿಕ್ಕಾಗ ಕೆಲಸ ಹೇಳಿದವರಿಗೂ ಕೈಮುಗಿಯುತ್ತೇನೆ.

ಮೀಟಿಂಗು ಯಾವಾಗಲೂ ಹಗಲು ಹೊತ್ತಿಗೇ ಇರುತ್ತದೆ. ವ್ಯಾಪಾರವೂ ಆಗಲೇ. ಒಬ್ಬರೇ ನಡೆಸುವ ಅಂಗಡಿಗೆ ಬೀಗ ಹಾಕಿದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಪಕ್ಕದ ಬೇಕರಿಯ ಇಚ್ಚ ಅದಕ್ಕೆ ಅವಕಾಶವೇ ಕೊಡಲಿಲ್ಲ. ಬಂದವರ ಬಟ್ಟೆ ತೆಗೆದಿಟ್ಟು, ಹೆಸರು ಬರೆದು, ಹಣವಿದ್ದರೆ ಅದನ್ನೂ ಜೋಪಾನ ಮಾಡಿದರು. ನನ್ನ ಜೊತೆ ಹೊಲಿಯುವ ಅಕ್ಕ ಮದುವೆ ಸೀಸನ್ನಿನಲ್ಲಿ ರಾತ್ರಿವರೆಗೂ ಕೂತರು. ಇವರಿಬ್ಬರು ಇಲ್ಲದಿದ್ದರೆ ನಾನು ಮೊದಲ ವರ್ಷವೇ ಸುಸ್ತಾಗಿ ಬಿಡುತ್ತಿದ್ದೆ.

ನಾನು ಜಾಸ್ತಿ ನೆನೆಯುವುದು ಪೇಟೆಯ ಶೌಚಾಲಯದ ಕೆಲಸವನ್ನು. ಜವಳಿ ಅಂಗಡಿ, ಫ್ಯಾನ್ಸಿ, ಮೆಡಿಕಲ್, ಎಲ್ಲ ಕಡೆ ನಿಂತು ಕೆಲಸ ಮಾಡುವುದು ಹೆಣ್ಣುಮಕ್ಕಳು. ಬೆಳಿಗ್ಗೆ ಬಂದರೆ ಸಂಜೆ ಬಸ್ಸಿಗೆ ಹೋಗುವವರೆಗೆ ಅವರಿಗೆ ಹೋಗಲು ಪೇಟೆಯಲ್ಲಿ ಸರಿಯಾದ ಜಾಗವಿರಲಿಲ್ಲ. ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಇದ್ದ ಒಂದು ಶೌಚಾಲಯಕ್ಕೆ ಸದಾ ಬೀಗ. ಪಂಚಾಯತಿಯ ಕಡತದಲ್ಲಿ ಮಾತ್ರ 'ಸೌಲಭ್ಯ ಇದೆ' ಅಂತಲೇ ಇತ್ತು. ಅದು ಸರಿಯಲ್ಲ ಅಂತ ಹೇಳಲು ಆ ಪೇಟೆಯಲ್ಲಿ ದಿನವಿಡೀ ಕೂತವರೇ ಬೇಕಲ್ವಾ? ಗ್ರಾಮಸಭೆಗೆ ಆ ಹುಡುಗಿಯರೇ ಬಂದರು. ತುಳುವಿನಲ್ಲಿ, ಕನ್ನಡದಲ್ಲಿ, ಮಲಯಾಳದಲ್ಲಿ, ಬಂದ ಭಾಷೆಯಲ್ಲಿ ಹೇಳಿದರು. ರಿಪೇರಿ ವಾರ್ಷಿಕ ಯೋಜನೆಗೆ ಸೇರಿತು. ಬೀಗದ ಕೈ ಮತ್ತು ಶುಚಿಯ ಜವಾಬ್ದಾರಿಯನ್ನು ವ್ಯಾಪಾರಿಗಳು ಸರದಿಯಲ್ಲಿ ವಹಿಸಿಕೊಂಡರು. ಅಲ್ಲಿಯವರೆಗೆ ವರ್ಷಗಟ್ಟಲೆ ತನ್ನ ಮನೆಯ ಬಾಗಿಲನ್ನು ಆ ಹುಡುಗಿಯರಿಗೆ ತೆರೆದಿಟ್ಟ ಹೋಟೆಲಿನ ಅಮ್ಮನ ಋಣ ತೀರಿಸಲು ನನ್ನಿಂದಾಗದು.

ಮಲಯಾಳದ ಉದ್ದುದ್ದ ಆದೇಶಗಳನ್ನು ಓದಿ ಹೇಳಿದ ಆಫೀಸಿನ ಕ್ಲರ್ಕ್, ಅಂಗಡಿ ಅಂಗಡಿಗೆ ಬಂದು ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮ ಸೇನೆಯ ಅಕ್ಕಂದಿರು, ಲೈಸೆನ್ಸ್ ಅರ್ಜಿ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಾಗ ವಯಸ್ಸಾದ ವ್ಯಾಪಾರಿಗಳಿಗೆ ತಾಳ್ಮೆಯಿಂದ ತುಂಬಿಸಿಕೊಟ್ಟ ಅಕ್ಷಯ ಎಂಬ ಆನ್‌ಲೈನ್ ಸೇವಾ ಕೇಂದ್ರದ ಹುಡುಗಿ, ನಿಮಗೆಲ್ಲ ವಂದನೆ.

ಪೇಟೆಯ ಅಣ್ಣಂದಿರೇ, ಅಕ್ಕಂದಿರೇ, ಒಂದು ಮಾತು. ನಾವು ಕಟ್ಟುವ ವೃತ್ತಿ ತೆರಿಗೆ, ಲೈಸೆನ್ಸ್ ಫೀಸು ಪಂಚಾಯತಿಯ ಸ್ವಂತ ವರಮಾನಕ್ಕೇ ಹೋಗುತ್ತದೆ. ಅದು ಎಲ್ಲಿ ಖರ್ಚಾಗಬೇಕು ಅಂತ ಮಾತಾಡುವಾಗ ಮಾತ್ರ ನಾವು ಇರುವುದಿಲ್ಲ. ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಕಾನೂನಿದೆ. ಅಂಗಡಿ ಒಂದು ವಾರ್ಡಿನಲ್ಲಿ, ವೋಟು ಇನ್ನೊಂದರಲ್ಲಿ ಇರುವವರು ನಮ್ಮಲ್ಲಿ ತುಂಬ ಮಂದಿ. ಅಂಗಡಿಯಿರುವ ವಾರ್ಡಿನ ಗ್ರಾಮಸಭೆಯ ಸದಸ್ಯರಲ್ಲದಿದ್ದರೂ ಅವರು ಪಂಚಾಯತಿನ ವರ್ಕಿಂಗ್ ಗ್ರೂಪಿಗೆ ಸೇರಬಹುದು, ಯೋಜನೆಯ ಕರಡು ತಯಾರಾಗುವುದು ಅಲ್ಲೇ. 1996ರಲ್ಲಿ ಶುರುವಾದ ಜನಕೀಯ ಯೋಜನೆ, ಅಂದರೆ ಊರಿನ ಯೋಜನೆಯನ್ನು ಜನರೇ ಸೇರಿ ಮಾಡುವ ಪದ್ಧತಿ, ನಮ್ಮಂಥವರಿಗಾಗಿ ತೆರೆದ ದಾರಿ ಅದು. ಚುನಾವಣೆಗೆ ನಿಲ್ಲುವ ಮನಸ್ಸಿದ್ದರೆ 21 ವರ್ಷ ತುಂಬಿರಬೇಕು, ಪಂಚಾಯತಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಪಂಚಾಯತಿಗೆ ಬಾಕಿಯಿದ್ದರೆ ಮೊದಲೇ ಕಟ್ಟಿ, ಪಂಚಾಯತಿನ ಗುತ್ತಿಗೆ ಕೆಲಸ ಕೈಯಲ್ಲಿದ್ದರೂ ನಿಲ್ಲಲಾಗದು.

ಮುಂದಿನ ಗ್ರಾಮಸಭೆಯ ದಿನ ಯಾರಿಗಾದರೂ ಅಂಗಡಿ ಬಿಟ್ಟು ಹೋಗುವುದು ಕಷ್ಟವಾದರೆ ಹಿಂದಿನ ದಿನ ಹೇಳಿ. ನಾನು ಬಂದು ಕೂರುತ್ತೇನೆ.